ಮೂರೂರಿನ ಸೈಕಲ್ಲು

ನನ್ನ ಮೊದಲ ಸೈಕಲ್ಲಿಗೆ ಇಂಥದ್ದೇ ಕಂಪನಿಯೆಂದು ಇರಲಿಲ್ಲ. ಚೌಕಟ್ಟು ಭಟ್ಕಳದ್ದು, ಗಾಲಿಗಳು ಕುಮಟೆಯವು, ಉಳಿದದ್ದೆಲ್ಲ ಹೊನ್ನಾವರದ್ದು.

1984ರಲ್ಲಿ ನಾನು ಕರ್ಕಿಯಿಂದ ಹೊನ್ನಾವರದ ಕಾಲೇಜಿಗೆ ಹೋಗಬೇಕಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಣ್ಣನಿಗೆ ಹೊಸ ಸೈಕಲ್ ಕೊಡಿಸಿದ್ದ ಅಪ್ಪ, "ಮದುವೆಯಾಗಿ ಹೋಗುವವಳಿಗೆ ಅಷ್ಟು ದುಡ್ಡೇಕೆ?" ಎಂದುಬಿಟ್ಟರು. ಆಯಿ ಮಾತಾಡಲಿಲ್ಲ. ಭಟ್ಕಳದ ತವರಿಗೆ ಹೋದವಳು ಬರುವಾಗ ಬಸ್ಸಿನ ಮೇಲೆ ತುಕ್ಕು ಹಿಡಿದ ಲೇಡೀಸ್ ಸೈಕಲ್ಲಿನ ಚೌಕಟ್ಟೊಂದನ್ನು ಹೇರಿಸಿಕೊಂಡು ಬಂದಳು. ಶಾಲೆಯಲ್ಲಿ ಕಲಿಸುತ್ತಿದ್ದ ದೊಡ್ಡಮ್ಮನ ರ್‍ಯಾಲೆ ಅದು. ಮದುವೆಯಾದದ್ದೇ ನೌಕರಿ ನಿಂತಿತು, ಸೈಕಲ್ಲು ಅಟ್ಟ ಸೇರಿತು.

ಇಂಗ್ಲೆಂಡಿನ ಚೌಕಟ್ಟಿಗೆ ಲುಧಿಯಾನದ ಬಿಡಿಭಾಗ ಕೂರುವುದೇ? ಕೂರುತ್ತದೆ ಎಂದ ಹೊನ್ನಾವರದ ಮೇಸ್ತ್ರಿ. ಅದರ ಹಿಂದೊಂದು ಚರಿತ್ರೆಯಿದೆ. ಹೆಚ್ಚುಕಡಿಮೆ ಸಮಗಾಲಿಯ, ಚೈನಿನ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಮಾಡಿದ. 1888ರಲ್ಲಿ ಡನ್ಲಪ್ ಗಾಳಿಯ ಟೈರು ತಂದ. ಲಂಗ ಸಿಕ್ಕದಂತೆ ನಡುಕೋಲನ್ನು ಕೆಳಗಿಳಿಸಿದ ಹೆಂಗಸರ ಸೈಕಲ್ಲೂ ಬಂತು. ಮುಂದೆ ನಮ್ಮಲ್ಲಿ ಮದರಾಸಿನ ಟಿ.ಐ. (1949), ಸೋನೆಪತ್ತಿನ ಅಟ್ಲಾಸ್ (1951), ಲುಧಿಯಾನದ ಹೀರೋ (1956) ಹುಟ್ಟಿದಾಗ ಆ ಇಂಗ್ಲಿಷ್ ಅಳತೆಗಳೇ ಉಳಿದವು: 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40. ಹಾಗಾಗಿ ಒಬ್ಬರು ಬಿಟ್ಟದ್ದು ಇನ್ನೊಬ್ಬರದಕ್ಕೆ ಹೊಂದುತ್ತಿತ್ತು. ಬಡವರು ಸೈಕಲ್ ಏರಿದ್ದು ಈ ಹೊಂದಾಣಿಕೆಯಿಂದಲೇ.

ಕುಮಟೆಯ ಹಳೇ ಸಾಮಾನಿನಂಗಡಿಯಲ್ಲಿ ಗಾಲಿಗಳು ಸಿಕ್ಕವು. ನಮ್ಮದು ಉಪ್ಪುಗಾಳಿಯ ಸೀಮೆಯಲ್ಲವೇ, ತುಕ್ಕು ಮೇಲಷ್ಟೇ ಇದೆಯೋ ಒಳಗೂ ತಿಂದಿದೆಯೋ ಎಂದು ರಿಮ್ಮನ್ನು ಕೆರೆದು ನೋಡಿದವಳು ಆಯಿ. ಮೇಸ್ತ್ರಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಿಂದಿನ ಹಬ್ಬಿಗೆ ಬದಿಗೆ ಒಂಬತ್ತರಂತೆ ಹೊಸ ಗುಂಡು ಕೂರಿಸಿದ. ಚೈನು, ಬ್ರೇಕಿನ ರಬ್ಬರು, ಟಯರುಗಳೂ ಹೊಸವು. ಜೀವಕ್ಕೆ ಸಂಬಂಧಿಸಿದ್ದರಲ್ಲಿ ಉಳಿತಾಯ ಬೇಡವೆಂದ. ಹಣ, ಆಯಿ ಹಿಡಿಸೂಡಿ ಮಾರಿ ಕೂಡಿಟ್ಟದ್ದು.

ಹೆಂಗಸರ ಬಿಡುಗಡೆಗೆ ಸೈಕಲ್ಲು ಮಾಡಿದಷ್ಟು ಬೇರಾವುದೂ ಮಾಡಿಲ್ಲವೆಂದು ಅಮೆರಿಕದ ಸೂಸನ್ ಆಂಥನಿ 1896ರಲ್ಲೇ ಹೇಳಿದ್ದರಂತೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. 2006-07ರಲ್ಲಿ ನಮ್ಮ ಸರಕಾರವೇ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿತು. ನನಗೆ ಇವೆಲ್ಲ ತಿಳಿದದ್ದು ಆಮೇಲೆ.

ಆ ವರ್ಷ ದೀಪಾವಳಿಗೆ ದೊಡ್ಡಮ್ಮ ಬಂದಳು. ಹ್ಯಾಂಡಲ್ ಸವರಿದಳು. ಸೆರಗು ಸಿಕ್ಕಿಸಿ, ಅಂಗಳದಲ್ಲಿ ಎರಡು ಸುತ್ತು ಹೊಡೆದಳು. ಜಗುಲಿಯಲ್ಲಿದ್ದ ಅಪ್ಪ ಕವಳದ ತಟ್ಟೆಯನ್ನೇ ನೋಡುತ್ತ ಕೂತರು. ಇಳಿದ ದೊಡ್ಡಮ್ಮ ಹೇಳಿದ್ದು ಇಷ್ಟೇ: "ಸೀಟು ತುಸು ಎತ್ತರವಾಯ್ತು ಕಾಣು."