ಅರಿಶಿನದ ಎಣ್ಣೆ: ಬಣ್ಣದ ಮರೆಯಲ್ಲಿ ಉಳಿದ ಪರಿಮಳ

ವಿಜಯವಾಡ–ತೆನಾಲಿ ರೈಲು ಹಾದಿಯಲ್ಲಿ ಸಿಗುವ ದುಗ್ಗಿರಾಲ ಅರಿಶಿನ ವ್ಯಾಪಾರಕ್ಕೆ ಹೆಸರಾದ ಊರು. ಒಂಬತ್ತು ತಿಂಗಳು ಬೇಡುವ ದೀರ್ಘಾವಧಿ ತಳಿಯೊಂದು ಆ ಊರಿನ ಹೆಸರನ್ನೇ ಹೊತ್ತಿದೆ. ಅತ್ತ ವಿಶಾಖಪಟ್ಟಣದ ಬೆನ್ನಿಗಿರುವ ಪಾಡೇರು ಬೆಟ್ಟಸಾಲಿನಲ್ಲಿ ಅರಿಶಿನ ಗಿರಿಜನರ ಬೆಳೆ. 1956ರಲ್ಲಿ ಸ್ಥಾಪನೆಯಾಗಿ ವಿಶಾಖಪಟ್ಟಣದಲ್ಲೇ ಕೇಂದ್ರ ಕಚೇರಿ ಹೊಂದಿರುವ ಗಿರಿಜನ ಸಹಕಾರಿ ನಿಗಮ ಅವರ ಅರಿಶಿನವನ್ನು ಮಾರುಕಟ್ಟೆಗೆ ತರುತ್ತದೆ. ಆದರೆ ಅರಿಶಿನದ ಗುಣಗಾನವೆಲ್ಲ ಬಣ್ಣದ್ದು, ಅಂದರೆ ಕರ್ಕ್ಯುಮಿನ್‌ನದು. ವಾಸನೆ ಕೊಡುವ ಎಣ್ಣೆಯನ್ನು ಕೇಳುವವರು ಕಡಿಮೆ.

ಕಿತ್ತ ಗೆಡ್ಡೆಯನ್ನು ಕಡಾಯಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸುತ್ತಾರೆ. ನೊರೆ ಉಕ್ಕಿ, ಬಿಳಿ ಹಬೆಯೊಂದಿಗೆ ಅರಿಶಿನದ ಘಾಟು ಎದ್ದರೆ ಹದ ಬಂತೆಂದು ಲೆಕ್ಕ. ಮೊಂಡು ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಆ ಘಾಟೇ ಎಣ್ಣೆ! ಹದ ಮೀರಿದಷ್ಟೂ ಅದು ಗಾಳಿಪಾಲು.

ಒಣಕೊಂಬಿನಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5ರಷ್ಟು ಎಣ್ಣೆ ಇರುತ್ತದೆ. ಹಬೆಯಲ್ಲಿ ಬಟ್ಟಿ ಇಳಿಸಿದಾಗ ಎಣ್ಣೆಯ ಮುಖ್ಯ ಅಂಶಗಳಾದ ಆರ್-ಟರ್ಮರೋನ್, ಆಲ್ಫಾ ಮತ್ತು ಬೀಟಾ ಟರ್ಮರೋನ್‌ಗಳು ಹಬೆಯ ಜೊತೆ ಮೇಲೇರಿ ಬರುತ್ತವೆ. ಕರ್ಕ್ಯುಮಿನ್ ಆವಿಯಾಗುವ ವಸ್ತುವಲ್ಲ. ಅದು ಚರಟದಲ್ಲೇ ಉಳಿಯುತ್ತದೆ. ಹೀಗಾಗಿ ಕರ್ಕ್ಯುಮಿನ್‌ನ ಗುಣಗಳನ್ನೆಲ್ಲ ಬಟ್ಟಿ ಎಣ್ಣೆಯ ಶೀಶೆಗೆ ಅಂಟಿಸುವ ಜಾಹೀರಾತು ರಸಾಯನಶಾಸ್ತ್ರಕ್ಕೆ ಒಪ್ಪದ ಮಾತು. ವಿಜಯವಾಡದ ಇಂದ್ರಕೀಲಾದ್ರಿಯ ಕನಕದುರ್ಗೆಯ ಕುಂಕುಮಾರ್ಚನೆಯಿಂದಲೂ ಈ ಭೇದ ತಿಳಿಯಬಹುದು. ಸುಣ್ಣ ತಗುಲಿ ಅರಿಶಿನ ಕೆಂಪಾಗಿ ಕುಂಕುಮವಾಗುವುದು ಕರ್ಕ್ಯುಮಿನ್‌ನಿಂದ. ಅದರಲ್ಲಿ ಎಣ್ಣೆಯ ಪಾತ್ರವಿಲ್ಲ.

ಹಾಗೆಂದು ಎಣ್ಣೆ ನಿಷ್ಪ್ರಯೋಜಕವೇನಲ್ಲ. ಕರ್ಕ್ಯುಮಿನ್ ತೆಗೆದ ಮೇಲೆ ಉಳಿಯುವ ಎಣ್ಣೆಯನ್ನು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಪರೀಕ್ಷಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು 1999ರಲ್ಲಿ ವರದಿ ಮಾಡಿದರು. ಉದ್ಯಮ ಕಸವೆಂದು ಬಗೆದದ್ದಕ್ಕೆ ಬೆಲೆ ತಂದ ಕೆಲಸ ಅದು. 2001ರ ಥಾಯ್ ಅಧ್ಯಯನವೊಂದರಲ್ಲಿ ಅರಿಶಿನ ಸೇರಿದಂತೆ ಕೆಲವು ಸಸ್ಯಗಳ ಎಣ್ಣೆಗಳು, ಶೇ. 5 ವೆನಿಲಿನ್ ಬೆರೆಸಿದಾಗ, ಎಂಟು ಗಂಟೆಯವರೆಗೂ ಸೊಳ್ಳೆಗಳನ್ನು ದೂರವಿಟ್ಟವು. ವೆನಿಲಿನ್ ಇಲ್ಲದೆ ಬೇಗ ಆರಿಹೋಗುವುದು ಇಂಥ ಎಣ್ಣೆಗಳ ದೌರ್ಬಲ್ಯ. ಬೇರ್ಪಡಿಸಿದ ಕರ್ಕ್ಯುಮಿನ್‌ಗೆ ಇದೇ ಎಣ್ಣೆಯನ್ನು ಮರಳಿ ಸೇರಿಸಿದರೆ ರಕ್ತಕ್ಕೆ ಹೀರಿಕೆ ಹೆಚ್ಚುತ್ತದೆಂದು 2008ರ ಸಣ್ಣ ಪ್ರಾಯೋಗಿಕ ಅಧ್ಯಯನವೊಂದು ಹೇಳಿತು. ಬೇರೆ ಮಾಡಿದ್ದನ್ನು ಮತ್ತೆ ಕೂಡಿಸಲು ಇಷ್ಟು ಸಾಹಸ!

ಎಲೆಯ ಎಣ್ಣೆಯ ಜಾತಿಯೇ ಬೇರೆ, ಅದರಲ್ಲಿ ಆಲ್ಫಾ ಫೆಲಾಂಡ್ರೀನ್ ಮುಖ್ಯ. ಕರಾವಳಿಯಲ್ಲಿ ನಾಗರ ಪಂಚಮಿಗೆ ಅರಿಶಿನದ ಎಲೆಯಲ್ಲಿ ಕಡುಬು ಬೇಯಿಸುವವರಿಗೆ ಆ ಪರಿಮಳ ಗೊತ್ತು.

ಅಂಗಡಿಯಲ್ಲಿ ‘ಅರಿಶಿನದ ಎಣ್ಣೆ’ ಎಂಬ ಒಂದೇ ಹೆಸರಿನಡಿ ಬಟ್ಟಿ ಎಣ್ಣೆಯೂ ಇರಬಹುದು, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ನೆನೆಸಿದ್ದೂ ಇರಬಹುದು. ಯಾವ ಭಾಗದಿಂದ, ಯಾವ ವಿಧಾನದಿಂದ ತೆಗೆದದ್ದು, ಟರ್ಮರೋನ್ ಪ್ರಮಾಣವೆಷ್ಟು ಎಂಬುದನ್ನು ಶೀಶೆಯ ಮೇಲೆ ಕಡ್ಡಾಯವಾಗಿ ನಮೂದಿಸಬೇಕು. ಅಲ್ಲಿಯವರೆಗೆ ಕೊಳ್ಳುವವರೇ ಅದನ್ನು ಕೇಳಿ ಕೊಳ್ಳಲಿ.