ಕಾಲ್ಚೆಂಡಿನ ಜೀತ

ಕಾಲ್ಚೆಂಡಾಟಗಾರರು ಪಡೆಯುವ ಹಣದ ಲೆಕ್ಕ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಹಿಂದಿನವರು ಆಟಕ್ಕಾಗಿ ಆಡುತ್ತಿದ್ದರು, ಈಗಿನವರು ದುಡ್ಡಿಗಾಗಿ ಆಡುತ್ತಾರೆ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕಾಫಿಯೊಡನೆ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕೇಳುವುದಕ್ಕೆ ಹಿತವಾದ ಮಾತೇ. ಆದರೆ ಈ ಆಟವನ್ನು ಜೀವನೋಪಾಯವನ್ನಾಗಿ ಮಾಡಿದ ಇಂಗ್ಲೆಂಡಿನ ಚರಿತ್ರೆಯನ್ನು ತೆರೆದು ನೋಡಿದರೆ, ಹಿಂದಿನವರು ಅಲ್ಪ ಹಣಕ್ಕೆ ಆಡಿದ್ದು ವೈರಾಗ್ಯದಿಂದಲ್ಲ, ಕಟ್ಟಳೆಯಿಂದ ಎಂಬುದು ಗೊತ್ತಾಗುತ್ತದೆ.

ಆಟಗಾರರು ಸಂಬಳ ಪಡೆಯಬಹುದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಒಪ್ಪಿದ್ದು 1885ರಲ್ಲಿ. ಮೂರು ವರ್ಷಗಳ ಮೇಲೆ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ಗಿರಣಿಯಲ್ಲಿಯೂ ಗಣಿಯಲ್ಲಿಯೂ ದುಡಿಯುತ್ತಿದ್ದ ಹುಡುಗರಿಗೆ ಅದೊಂದು ಹೊಸ ಬಾಗಿಲು. ಆದರೆ ಬಾಗಿಲು ತೆರೆದವರೇ ಅದಕ್ಕೆ ಎರಡು ಅಗುಳಿಗಳನ್ನೂ ಹಾಕಿದರು. 1890ರ ದಶಕದಲ್ಲಿ ಬಂದದ್ದು ಆಟಗಾರನ ಹೆಸರನ್ನು ಒಂದು ಕ್ಲಬ್ಬಿನಲ್ಲಿ ನೋಂದಾಯಿಸಿ ಕಟ್ಟಿಹಾಕುವ ನಿಯಮ. 1901ರಲ್ಲಿ ಜಾರಿಗೆ ಬಂದದ್ದು ಗರಿಷ್ಠ ಸಂಬಳದ ನಿಯಮ: ಎಂಥ ಆಟಗಾರನಾದರೂ ಸರಿಯೆ, ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದು.

ಇದಕ್ಕೆ ಕ್ಲಬ್ಬುಗಳು ಕೊಟ್ಟ ಕಾರಣವನ್ನೂ ಹೇಳಬೇಕು. ಕಟ್ಟಳೆಯಿಲ್ಲದಿದ್ದರೆ ದೊಡ್ಡ ಊರಿನ ಸಿರಿವಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು, ಸಣ್ಣ ಊರುಗಳಲ್ಲಿ ಆಟವೇ ಬರಿದಾಗುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಅಂದಿನ ನುರಿತ ಕೆಲಸಗಾರನ ಕೂಲಿಗೆ ಹೋಲಿಸಿದರೆ 4 ಪೌಂಡು ಹೆಚ್ಚೇ. ಆದರೆ ಕೆಲಸಗಾರನು ಮುಪ್ಪಿನವರೆಗೆ ದುಡಿಯಬಹುದು. ಆಟಗಾರನ ಕಾಲು ಮೂವತ್ತೈದರ ಆಸುಪಾಸಿನಲ್ಲಿ ಸೋಲುತ್ತದೆ, ಮಂಡಿಗೆ ಪೆಟ್ಟು ಬಿದ್ದರೆ ಇಪ್ಪತ್ತೈದಕ್ಕೇ ಸೋಲುತ್ತದೆ.

ಎರಡು ಅಗುಳಿಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದದ್ದು ಸಂಬಳದ ಮಿತಿ. ನನಗೆ ಹೆಚ್ಚು ಕ್ರೂರವಾಗಿ ಕಾಣುವುದು ಮೊದಲನೆಯದು. ಒಪ್ಪಂದ ಒಂದು ವರ್ಷದ್ದು. ವರ್ಷ ಮುಗಿದಾಗ ಕ್ಲಬ್ಬು ಎರಡು ಪಟ್ಟಿ ಮಾಡುತ್ತಿತ್ತು: ಉಳಿಸಿಕೊಳ್ಳುವವರದೊಂದು, ಮಾರುವವರದೊಂದು. ಉಳಿಸಿಕೊಳ್ಳುವ ಪಟ್ಟಿಯಲ್ಲಿದ್ದವನು ಹೊಸ ಷರತ್ತನ್ನು ಒಪ್ಪದಿದ್ದರೆ ಅವನಿಗೆ ಸಂಬಳವಿಲ್ಲ. ಲೀಗಿನ ಬೇರೆ ಕ್ಲಬ್ಬಿಗೆ ಹೋಗೋಣವೆಂದರೆ ನೋಂದಣಿಯ ಕಾಗದ ಹಳೆಯ ಕ್ಲಬ್ಬಿನ ಪೆಟ್ಟಿಗೆಯಲ್ಲಿ. ಹಳಗನ್ನಡದಲ್ಲಿ 'ಜೀತ'ವೆಂದರೆ ಸಂಬಳ. ಇಂದಿನ ಕನ್ನಡದಲ್ಲಿ ಅದು ಬಿಡಿಸಿಕೊಳ್ಳಲಾಗದ ದುಡಿಮೆ. ತರಗತಿಯಲ್ಲಿ ಈ ಅರ್ಥವ್ಯತ್ಯಾಸವನ್ನು ವಿವರಿಸುವಾಗಲೆಲ್ಲ ಈ ಆಟಗಾರರ ನೆನಪಾಗುತ್ತದೆ. ಅವರ ಮಟ್ಟಿಗೆ ಎರಡು ಅರ್ಥಗಳೂ ಒಂದೇ ಆಗಿದ್ದವು.

ಇದನ್ನು ಅವರು ಬಾಯಿ ಮುಚ್ಚಿಕೊಂಡು ಸಹಿಸಲಿಲ್ಲ. ವೇಲ್ಸಿನ ಕಲ್ಲಿದ್ದಲ ಗಣಿಯಲ್ಲಿ ದುಡಿದು ಬಂದಿದ್ದ ಬಿಲ್ಲಿ ಮೆರಿಡಿತ್ ಮೊದಲಾದವರು 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘವನ್ನು ಕಟ್ಟಿದರು. 1909ರಲ್ಲಿ ಸಂಘವನ್ನು ಬಿಡಿರೆಂದು ಅಧಿಕಾರಿಗಳು ಅಪ್ಪಣೆ ಮಾಡಿದಾಗ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರರು ಬಗ್ಗಲಿಲ್ಲ. ಕೊನೆಗೆ ಸಂಘಕ್ಕೆ ಮನ್ನಣೆ ಸಿಕ್ಕಿತು. ಸಂಬಳದ ಮಿತಿ ಮಾತ್ರ ಹಾಗೆಯೇ ಉಳಿಯಿತು.

ಸಂಬಳಕ್ಕೆ ಮಿತಿಯಿತ್ತು, ಬೆಲೆಗೆ ಇರಲಿಲ್ಲ! 1905ರಲ್ಲಿಯೇ ಆಲ್ಫ್ ಕಾಮನ್ ಎಂಬವನನ್ನು ಸಂಡರ್‌ಲೆಂಡ್ ಕ್ಲಬ್ಬು ಮಿಡಲ್ಸ್‌ಬರೋ ಕ್ಲಬ್ಬಿಗೆ 1,000 ಪೌಂಡಿಗೆ ಕೊಟ್ಟಿತು. 1947ರಲ್ಲಿ ಟಾಮಿ ಲಾಟನ್ ಚೆಲ್ಸಿಯಿಂದ ನಾಟ್ಸ್ ಕೌಂಟಿಗೆ ಹೋದಾಗ ಅವನ ಬೆಲೆ 20,000 ಪೌಂಡು. ಆಗ ಗರಿಷ್ಠ ಸಂಬಳ ವಾರಕ್ಕೆ 12 ಪೌಂಡು, ಬೇಸಿಗೆಯಲ್ಲಿ 10. ತನ್ನ ಬೆಲೆಯನ್ನು ತಾನೇ ಸಂಬಳದಲ್ಲಿ ದುಡಿಯಬೇಕಾದರೆ ಅವನು 32 ವರ್ಷಕ್ಕೂ ಮೀರಿ ಆಡಬೇಕಾಗಿತ್ತು. ಸಂತೆಯಲ್ಲಿ ಎತ್ತಿನ ಬೆಲೆ ಎಷ್ಟು ಏರಿದರೂ ಎತ್ತಿಗೆ ಸಿಗುವುದು ಹುಲ್ಲೇ. ಇಂಗ್ಲೆಂಡಿನ ಮುಂದಾಳು ಆಟಗಾರನಾಗಿದ್ದ ಆ ಲಾಟನ್ ಮುಂದೆ ಹಣದ ಮುಗ್ಗಟ್ಟಿನಲ್ಲಿ ದಿನ ಕಳೆದನು.

ಹೊರದೇಶಕ್ಕೆ ಹೋಗಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. 1950ರಲ್ಲಿ ನೀಲ್ ಫ್ರಾಂಕ್ಲಿನ್ ಕೊಲಂಬಿಯಾ ದೇಶದ ಬೊಗೋಟಾಕ್ಕೆ ಹೋದನು. ಬೇಗನೆ ಹಿಂತಿರುಗಿದವನಿಗೆ ಸಿಕ್ಕಿದ್ದು ಅಮಾನತು. ಇಂಗ್ಲೆಂಡಿನ ಪರವಾಗಿ ಆಡುವ ಅವಕಾಶ ಮತ್ತೆಂದೂ ಬರಲಿಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬಿನವರು ಪ್ರೆಸ್ಟನ್ನಿನ ಟಾಮ್ ಫಿನ್ನಿಗೆ ಸಹಿಗೆಂದೇ 10,000 ಪೌಂಡು, ಮನೆ, ಮೋಟಾರುಗಾಡಿ ಕೊಡುವುದಾಗಿ ಕರೆದರು. ಅವನ ಸಂಬಳದ ಲೆಕ್ಕದಲ್ಲಿ ಅದು 13 ವರ್ಷಕ್ಕೂ ಮೀರಿದ ಗಳಿಕೆ. ಕ್ಲಬ್ಬು ಬಿಡಲೊಪ್ಪಲಿಲ್ಲ, ಫಿನ್ನಿ ಉಳಿದನು. ನಲ್ಲಿ-ಕೊಳಾಯಿ ಕೆಲಸ ಅವನ ಇನ್ನೊಂದು ಕಸುಬು. ಅದನ್ನು ಅವನು ಬಿಡಲಿಲ್ಲ. ಅವನ ನಿಷ್ಠೆಯನ್ನು ಹೊಗಳುವವರು ಬಹಳ. ಹೊಗಳಬೇಕಾದದ್ದೇ. ಆದರೆ ಹೋಗುವ ದಾರಿಯಿಲ್ಲದವನು ಉಳಿದದ್ದನ್ನು ನಿಷ್ಠೆಯೆಂದಷ್ಟೇ ಕರೆದು ಸುಮ್ಮನಾಗುವುದು ನ್ಯಾಯವೆ?

ಮಿತಿ ಮುರಿದದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಗರಿಷ್ಠ ಸಂಬಳ 20 ಪೌಂಡಿಗೆ ಬಂದಿತ್ತು. ಫುಲ್‌ಹಮ್ಮಿನ ಆಟಗಾರ ಜಿಮ್ಮಿ ಹಿಲ್ ಸಂಘದ ಅಧ್ಯಕ್ಷನಾಗಿ ಮುಷ್ಕರಕ್ಕೆ ಸಿದ್ಧತೆ ನಡೆಸಿದನು. ಮ್ಯಾಂಚೆಸ್ಟರಿನ ಸಭೆಯ ಒಂದು ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ. ನಮ್ಮಪ್ಪ ಗಣಿಯಲ್ಲಿ ಇಷ್ಟು ಕೂಡ ದುಡಿಯುವುದಿಲ್ಲ, ನಮಗೆ ಇನ್ನೂ ಹೆಚ್ಚು ಕೇಳುವುದು ಸರಿಯೆ ಎಂದು ಒಬ್ಬ ತರುಣ ಕೇಳಿದನಂತೆ. ಬೋಲ್ಟನ್ನಿನ ಟಾಮಿ ಬ್ಯಾಂಕ್ಸ್ ಎದ್ದು, ನಿಮ್ಮಪ್ಪನ ಕೆಲಸವನ್ನು ನಾನು ಮಾಡಬಲ್ಲೆ, ಆದರೆ ಸಾವಿರಾರು ಜನರೆದುರು ಸ್ಟ್ಯಾನ್ಲಿ ಮ್ಯಾಥ್ಯೂಸನನ್ನು ತಡೆಯುವ ಕೆಲಸ ಅವರಿಂದಾಗದು ಎಂಬರ್ಥದ ಮಾತನ್ನಾಡಿದನಂತೆ. ಜನವರಿಯಲ್ಲಿ, ಮುಷ್ಕರಕ್ಕೆ ಕೆಲವೇ ದಿನಗಳಿರುವಾಗ, ಲೀಗು ಮಣಿಯಿತು. ಫುಲ್‌ಹಮ್ಮಿನ ಜಾನಿ ಹೇನ್ಸನಿಗೆ ವಾರಕ್ಕೆ 100 ಪೌಂಡು ಬಂದಿತು.

ಇನ್ನೊಂದು ಅಗುಳಿಯನ್ನು ಅಲುಗಿಸಿದವನು ಜಾರ್ಜ್ ಈಸ್ಟ್‌ಹ್ಯಾಮ್. 1960ರಲ್ಲಿ ನ್ಯೂಕಾಸಲ್ ಕ್ಲಬ್ಬು ಅವನನ್ನು ಬಿಡಲೊಪ್ಪದಿದ್ದಾಗ ಅವನು ಆಟವನ್ನೇ ಬಿಟ್ಟು, ದಕ್ಷಿಣಕ್ಕೆ ಹೋಗಿ, ಬಿರಡೆಯ ಸರಕನ್ನು ಮಾರುವ ಕೆಲಸಕ್ಕೆ ಸೇರಿದನು. ಆ ವರ್ಷದ ಕೊನೆಗೆ ಕ್ಲಬ್ಬು ಅವನನ್ನು 47,500 ಪೌಂಡಿಗೆ ಆರ್ಸೆನಲ್ಲಿಗೆ ಕೊಟ್ಟಿತು. ಅವನು ಅಲ್ಲಿಗೇ ಸುಮ್ಮನಾಗಬಹುದಾಗಿತ್ತು; ಆಗಲಿಲ್ಲ. ಸಂಘದ ಬೆಂಬಲದಿಂದ ದಾವೆ ನಡೆಸಿದನು. 1963ರ ಜುಲೈಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು, ಒಪ್ಪಂದ ಮುಗಿದವನನ್ನೂ ಹಿಡಿದಿಟ್ಟುಕೊಳ್ಳುವ ಈ ಪದ್ಧತಿ ವೃತ್ತಿಸ್ವಾತಂತ್ರ್ಯಕ್ಕೆ ನ್ಯಾಯವಲ್ಲದ ಅಡ್ಡಿ ಎಂದು ತೀರ್ಪಿತ್ತರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನ ವಂಶದವರು ಅವರು!

ಅಗುಳಿ ಪೂರ್ತಿ ಕಳಚಲು ಇನ್ನೂ ಮೂವತ್ತೆರಡು ವರ್ಷ ಹಿಡಿಯಿತು. ಬೆಲ್ಜಿಯಂ ದೇಶದ ಜೀನ್-ಮಾರ್ಕ್ ಬೋಸ್ಮನ್ನನ ಮೊಕದ್ದಮೆಯಲ್ಲಿ, ಒಪ್ಪಂದ ಮುಗಿದವನಿಗೆ ಬೆಲೆ ಕೇಳಕೂಡದೆಂದು ಐರೋಪ್ಯ ನ್ಯಾಯಾಲಯ ಹೇಳಿದ್ದು 1995ರ ಡಿಸೆಂಬರಿನಲ್ಲಿ. ಆ ತೀರ್ಪಿನಿಂದ ಕೋಟ್ಯಧಿಪತಿಗಳಾದವರು ಹಲವರು; ಬೋಸ್ಮನ್ ಮಾತ್ರ ಕಷ್ಟಕ್ಕೆ ಬಿದ್ದನು.

ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರಲಿಲ್ಲ. ಮಿತಿ ಹೋದಮೇಲೆ ಸಣ್ಣ ಕ್ಲಬ್ಬುಗಳು ಆಟಗಾರರ ಸಂಖ್ಯೆಯನ್ನೇ ಇಳಿಸಿದವು. 1966ರಲ್ಲಿ ವಿಶ್ವಕಪ್ಪನ್ನು ಗೆದ್ದ ಇಂಗ್ಲೆಂಡ್ ತಂಡದ ರೇ ವಿಲ್ಸನ್, ಆಟ ಮುಗಿದಮೇಲೆ ಶವಸಂಸ್ಕಾರದ ವ್ಯವಸ್ಥೆ ಮಾಡುವ ಕಸುಬನ್ನು ಹಿಡಿದನು. ಕಸುಬಿನಲ್ಲಿ ಕೀಳೆಂಬುದಿಲ್ಲ, ಆದರೆ ಅರ್ಧ ಆಯುಸ್ಸು ಉಳಿದಿರುವಾಗಲೇ ವೃತ್ತಿ ಮುಗಿದುಹೋಗುವ ಸತ್ಯವನ್ನು ಯಾವ ತೀರ್ಪೂ ಬದಲಿಸಲಾರದು. ಇಂದಿಗೂ ಕ್ಲಬ್ಬುಗಳ ತರಬೇತಿಶಾಲೆಗೆ ಸೇರುವ ಹುಡುಗರಲ್ಲಿ ಹೆಚ್ಚಿನವರು ಆಟದಿಂದ ಬದುಕು ಕಟ್ಟಿಕೊಳ್ಳುವ ಮಟ್ಟ ಮುಟ್ಟುವುದಿಲ್ಲ.

ಆದ್ದರಿಂದ ಇಂದಿನ ಕೆಲವರ ಸಂಪತ್ತು ಅತಿಯಾಯಿತೆಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಹಿಂದಿನವರ ಬಡತನವನ್ನು ಅವರ ಗುಣವೆಂದು ಹೇಳಿದಾಗ ಮಾತ್ರ ಒಪ್ಪಲಾರೆ. ಕಿಕ್ಕಿರಿದ ಮೈದಾನದ ಬಾಗಿಲಲ್ಲಿ ಶನಿವಾರ ಶನಿವಾರ ಹಣ ಸಲ್ಲುತ್ತಲೇ ಇತ್ತು. ಅದು ಆಡಿದವನ ಕೈಗೆ ಬರಲಿಲ್ಲ, ಅಷ್ಟೆ.