ಪಾದರಸದ ಚಿನ್ನಲೇಪನ

ಪಾದರಸದಲ್ಲಿ ಕರಗಿಸಿದ ಚಿನ್ನವನ್ನು ತಾಮ್ರ ಇಲ್ಲವೇ ಬೆಳ್ಳಿಗೆ ಸವರಿ, ಕಾಯಿಸಿ, ಪಾದರಸವನ್ನು ಹಾರಿಸಿ ಚಿನ್ನವನ್ನಷ್ಟೇ ಉಳಿಸಿಕೊಳ್ಳುವ ಪ್ರಾಚೀನ ಲೋಹವಿದ್ಯೆ. ಒಂದು ಪಾಲು ಚಿನ್ನಕ್ಕೆ ಆರರಿಂದ ಎಂಟು ಪಾಲು ಪಾದರಸ ಬೆರೆತಾಗ ಬೆಣ್ಣೆಯಂಥ ಮುದ್ದೆಯಾಗುತ್ತದೆ. ಅದನ್ನು ಬಳಿದ ಲೋಹವನ್ನು ಕೆಂಡದ ಮೇಲೆ ಹಿಡಿದರೆ ಬೂದುಬಣ್ಣ ಮೆಲ್ಲಗೆ ಮಂಕು ಹಳದಿಗೆ ತಿರುಗುತ್ತದೆ. ಬಳಿಕ ನುಣುಪಾದ ಕಲ್ಲಿನಿಂದ ಉಜ್ಜಿದಾಗ ಹೊಳಪು ಬರುತ್ತದೆ. ಚಿನ್ನ ಕೆಳಗಿನ ಲೋಹದೊಂದಿಗೆ ಬೆಸೆದುಕೊಳ್ಳುವುದರಿಂದ ಈ ಲೇಪ ಶತಮಾನಗಟ್ಟಲೆ ಬಾಳುತ್ತದೆ. ಬೆಳ್ಳಿ ಪಾತ್ರೆಗೆ ಚಿನ್ನ ಹಚ್ಚುವ ಬಗೆಯನ್ನು ಹೇಳುವಾಗ ಕೌಟಿಲ್ಯನ ಅರ್ಥಶಾಸ್ತ್ರ ಪಾದರಸದ ಅದಿರಾದ ಇಂಗಳೀಕವನ್ನು ಹೆಸರಿಸುತ್ತದೆ. ರೋಮಿನ ಪ್ಲಿನಿ ಒಂದನೇ ಶತಮಾನದಲ್ಲಿ ಪಾದರಸದಿಂದ ಚಿನ್ನ ಹಚ್ಚುವುದನ್ನು ದಾಖಲಿಸಿದ್ದಾನೆ. ಸೀಸ ಬೆರೆತ ಕಂಚಿಗೆ ಈ ಲೇಪ ಸರಿಯಾಗಿ ಒಗ್ಗದು. ಆದ್ದರಿಂದ ಶುದ್ಧ ತಾಮ್ರದಲ್ಲಿ ಮೂರ್ತಿ ಮಾಡುವ ನೇಪಾಳದ ಪಾಟನ್‌ನಲ್ಲಿ ಅದು ಬೇರೂರಿತು. ನೇವಾರ ಕುಶಲಕರ್ಮಿಗಳು ಇಂದಿಗೂ ಅದನ್ನು ಉಳಿಸಿಕೊಂಡಿದ್ದಾರೆ.

1840ರಲ್ಲಿ ಎಲ್ಕಿಂಗ್ಟನ್ನರು ಇಂಗ್ಲೆಂಡಿನಲ್ಲಿ ವಿದ್ಯುಲ್ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಹಳೆಯ ವಿಧಾನ ಹಿಂದೆ ಸರಿಯಿತು. ಇಂದು ಬಾಗಲಕೋಟೆ, ಇಳಕಲ್ಲ ಪೇಟೆಗಳಲ್ಲಿ ಸಿಗುವ ‘ಒಂದು ಗ್ರಾಂ ಚಿನ್ನ’ದ ಒಡವೆಗಳದ್ದು ವಿದ್ಯುತ್ತಿನ ಲೇಪವೇ. ಪಾದರಸದ ಆವಿ ನರಮಂಡಲವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಹಾಗಾಗಿ ಈ ಕಸುಬು ಅಳಿಯುವುದೇ ಲೇಸು ಎಂಬ ವಾದವಿದೆ. ಆದರೆ ಕರ್ನಾಟಕದ ಗಣಿಗಾರಿಕೆಯ ಇತಿಹಾಸ ಬೇರೆ ಪಾಠ ಹೇಳುತ್ತದೆ. ಕೋಲಾರದಲ್ಲಿ 1880ರ ದಶಕದಿಂದ ಗಣಿಗಾರರು ಅರೆದ ಅದಿರಿನ ಕೆಸರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದರು. ಆ ಮುದ್ದೆಯನ್ನು ಮುಚ್ಚಿದ ಬಟ್ಟಿಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ, ಪಾದರಸವನ್ನು ಮರಳಿ ಪಡೆಯುವುದು ಈ ವಿಧಾನದ ಭಾಗ. ಚಿನ್ನ ಅದೇ, ಪಾದರಸ ಅದೇ, ಬದಲಾದದ್ದು ಒಲೆ. ಲೇಪಗಾರನ ಜೀವಕ್ಕೆ ಕುತ್ತು ತಂದದ್ದು ಬಹುಮಟ್ಟಿಗೆ ತೆರೆದ ಕೆಂಡ.

ಲೇಪಗಾರ ಬಣ್ಣ ನೋಡುತ್ತಲೇ ಕುಂಚ ಆಡಿಸಬೇಕು, ಮುಚ್ಚಿದ ಬಟ್ಟಿ ಅವನಿಗೆ ಹೊಂದದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಗಾಜಿನ ಮುಂಬದಿಯ, ಆವಿಯನ್ನು ಹೀರಿ ತಣಿಸುವ ಗೂಡು ಉತ್ತರವಾಗಬಲ್ಲದು. ಎತ್ತರದ ಮೂರ್ತಿಗಳು ಅದರಲ್ಲಿ ಹಿಡಿಸವು; ಲೇಪದಲ್ಲಿ ಪಾದರಸದ ಕುರುಹೂ ಉಳಿಯುತ್ತದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಆದ್ದರಿಂದ ಪೇಟೆಯ ಸರಕಿಗೆ ಈ ವಿಧಾನ ಬೇಡವೇ ಬೇಡ. ಹಳೆಯ ಲೇಪದ ತಾಮ್ರವನ್ನು ಅದೇ ವಿಧಾನದಲ್ಲಿ ದುರಸ್ತಿ ಮಾಡಬೇಕಾದ ಸಣ್ಣ ಕೆಲಸಗಳಿಗೆ, ಸುರಕ್ಷಿತ ಕಾರ್ಯಾಗಾರದಲ್ಲಿ, ಇದು ಉಳಿಯಬೇಕು. ಕೈಚಳಕವನ್ನು ಹೊಗಳಿ ಕೈಯವನ ಆರೋಗ್ಯವನ್ನು ಮರೆಯುವ ಸಂರಕ್ಷಣೆ ಸಂರಕ್ಷಣೆಯೇ ಅಲ್ಲ.